ನಿದ್ದೆಯಲ್ಲಿ ಏಳುವ ಕೈ

ಫೆಬ್ರವರಿ 3

ಲೋ ಕಡ್ಡಿ,

ಮೇ ತಿಂಗಳ ಕೊನೆಗೆ ನಿನ್ನ ಮದುವೆ, ಕೋಟಿನ ಅಳತೆ ಇನ್ನೂ ನನ್ನ ಕೈಗೆ ಬಂದಿಲ್ಲ. ಊರವರಿಗೆಲ್ಲ ಕೋಟು ಕತ್ತರಿಸೋ ಅಕ್ಕ ಸ್ವಂತ ತಮ್ಮನಿಗೆ ಅಂದಾಜಿನ ಮೇಲೆ ಹೊಲಿದಳು ಅನ್ನೋ ಮಾತು ಬರಬಾರದು. ಎದೆ, ಸೊಂಟ, ಭುಜ, ತೋಳು, ಇಷ್ಟೇ ಸಾಕು. ಆ ಹೂಳೆತ್ತೋ ಹಡಗಿನಲ್ಲಿ ಒಂದು ಟೇಪು ಸಿಗದಿದ್ದರೆ ಹಗ್ಗದಲ್ಲಿ ಅಳೆದು ಹಗ್ಗವನ್ನೇ ಕವರಿಗೆ ಹಾಕು. ಫೋನ್ ಮಾಡಿದರೆ ನಿಮ್ಮ ಕಡೆಯಿಂದ ಹಲೋ ಹಲೋ ಬಿಟ್ಟು ಇನ್ನೇನೂ ಕೇಳಿಸಲ್ಲ, ಅದಕ್ಕೇ ಬರೀತಿದ್ದೀನಿ. ಸಾಮಾನಿನ ದೋಣಿಯವನ ಕೈಲಿ ಉತ್ತರ ಕೊಟ್ಟು ಕಳಿಸು.

ಇಲ್ಲಿ ಆಸ್ಪತ್ರೆಯ ಬಿಳಿ ಕೋಟುಗಳ ಆರ್ಡರ್ ನಡೀತಿದೆ. ಕತ್ತರಿ ಹಿಡಿದೂ ಹಿಡಿದೂ ಹೆಬ್ಬೆರಳಲ್ಲಿ ಬೊಬ್ಬೆ. ನಿನ್ನೆ ನಿನ್ನ ಹುಡುಗಿ ಊಟದ ಹೊತ್ತಲ್ಲಿ ತನ್ನ ಕನ್ನಡಕದ ಅಂಗಡಿ ಮುಚ್ಚಿ ನನ್ನ ಹತ್ತಿರ ಬಂದಿದ್ದಳು. ನನ್ನ ಕನ್ನಡಕದ ಕಡ್ಡಿ ಸಡಿಲ ಆಗಿತ್ತು, ಮಾತಾಡ್ತಾ ಮಾತಾಡ್ತಾ ಬಿಗಿ ಮಾಡಿಕೊಟ್ಟಳು. ನೀನು ಸಿಗರೇಟು ಬಿಟ್ಟಿದ್ದೀಯ ಅಂದೆ. ಮುಖ ಅರಳಿತು ನೋಡು. ನನ್ನ ಕಣ್ಣಿಗೆ ಅವಳು ನಿನಗಿಂತ ಒಂದು ತೂಕ ಹೆಚ್ಚೇ ಬಿದ್ದಳು, ಬೇಜಾರು ಮಾಡ್ಕೋಬೇಡ.

ಜನವರಿಯಲ್ಲಿ ರಜೆಗೆ ಬಂದಾಗ ಅಮ್ಮನಿಗೆ ಕೊಟ್ಟ ಮಾತು ನೆನಪಿರಲಿ. ಆ ಸಿಗರೇಟು ಅಪ್ಪನ್ನ ತಿಂದದ್ದೇ ಸಾಕು. ಕೊನೆಗೆ ಒಂದು ಮೆಟ್ಟಿಲು ಹತ್ತೋಕೂ ಉಸಿರಿಲ್ಲದೆ ಕೂತಿದ್ದನ್ನ ನೀನೂ ನೋಡಿದ್ದೀಯ. ಅಮ್ಮ ನನ್ನ ಜೊತೆ ಚೆನ್ನಾಗಿದ್ದಾಳೆ. ಭಾವ ನಿನ್ನ ಕೇಳಿದರು ಅಂತ ಬರಿ ಅಂದರು, ಬರೆದೆ.

ನಿನ್ನ ಅಕ್ಕ


ಫೆಬ್ರವರಿ 13

ಅಕ್ಕ,

ನಾನು ಆರಾಮ. ಸಿಗರೇಟು ಮುಟ್ಟಿಲ್ಲ. ಬಾಯಿ ಚಪಲಕ್ಕೆ ಪೆಪ್ಪರ್ಮಿಂಟು ತಿಂದೂ ತಿಂದೂ ನಾಲಿಗೆ ಸೋಪಿನ ಥರ ಆಗಿದೆ. ಬಂದರಿನ ಬಾಯಲ್ಲಿ ಹೂಳು ಈ ವರ್ಷ ಜಾಸ್ತಿ, ಪಂಪು ದಿನಕ್ಕೊಂದು ಸಲ ಕೆಮ್ಮಿ ನಿಲ್ಲುತ್ತೆ. ಬಿಚ್ಚು, ಕಲ್ಲು ತೆಗಿ, ಜೋಡಿಸು. ಇದೇ ನನ್ನ ಬದುಕು.

ಕ್ಯಾಬಿನ್ನಿನಲ್ಲಿ ನನ್ನ ಜೊತೆ ಕುಂಭಕರ್ಣನೇ ಇದ್ದಾನೆ. ಅವನ ಬಗ್ಗೆ ಹೇಳಿದ್ದೆನಲ್ಲ, ಹಡಗಿನಲ್ಲಿ ಭಾರ ಎತ್ತೋ ರಾಟೆ ಓಡಿಸುವವನು, ಕಿವಿ ಪಕ್ಕ ಸೈರನ್ ಊದಿದರೂ ಮಗ್ಗುಲು ಬದಲಾಯಿಸದ ಮಹಾನುಭಾವ. ಇಬ್ಬರ ಮಂಚದ ನಡುವೆ ಒಂದು ಗೇಣು ಜಾಗ. ಅವನಿಗೆ ಎಚ್ಚರ ಆಗಲ್ಲ ಅನ್ನೋದು ಒಂದು ಅನುಕೂಲ.

ಮೊಣಕೈ ಸ್ವಲ್ಪ ಊದಿಕೊಂಡಿದೆ, ಪಂಪಿಗೆ ತಗುಲಿತು. ನಿದ್ದೆ ಒಂಚೂರು ಕಡಿಮೆ. ಅಳತೆ ಮುಂದಿನ ಸಲ ಕಳಿಸ್ತೀನಿ. ಅಮ್ಮನಿಗೆ ಹೇಳು.

ಕಡ್ಡಿ


ಫೆಬ್ರವರಿ 25

ಕಡ್ಡಿ,

ನಿದ್ದೆ ಕಡಿಮೆ ಅಂತೆ. ಮದುವೆ ಗೊತ್ತಾದ ಗಂಡಿಗೆ ನಿದ್ದೆ ಬಂದರೆ ಅಲ್ವಾ ಯೋಚನೆ ಮಾಡಬೇಕಾದ್ದು? ಭಾವನನ್ನ ಕೇಳು, ನಮ್ಮ ಮದುವೆಗೆ ಮುಂಚೆ ತಿಂಗಳುಗಟ್ಟಲೆ ಕಣ್ಣು ಮುಚ್ಚಿಲ್ಲವಂತೆ. ಈಗ ಊಟದ ತಟ್ಟೆ ಮುಂದೇ ಗೊರಕೆ ಹೊಡೀತಾರೆ.

ಆದರೆ ಒಂದು ವಿಷಯ. ಹುಡುಗಿಯ ಎರಡು ಕಾಗದಕ್ಕೆ ನಿನ್ನಿಂದ ಉತ್ತರವೇ ಹೋಗಿಲ್ಲವಂತೆ. ಅವಳು ದೂರು ಹೇಳಲಿಲ್ಲ, ನಾನೇ ಬಾಯಿ ಬಿಡಿಸಿದೆ. ನಾಚಿಕೆ ಅಂದುಕೊಂಡು ಸಮಾಧಾನ ಹೇಳಿ ಕಳಿಸಿದ್ದೀನಿ. ನನ್ನ ಮಾನ ಉಳಿಸು, ನಾಲ್ಕು ಸಾಲು ಗೀಚಿ ಹಾಕು. ಅಳತೆ ಎಲ್ಲಿ?

ಅಕ್ಕ


ಮಾರ್ಚ್ 9

ಅಕ್ಕ,

ಮದುವೆ ಮುಂದಕ್ಕೆ ಹಾಕು. ಎಷ್ಟು ದಿನ ಅಂತ ಕೇಳಬೇಡ. ಆ ಹುಡುಗಿಯ ಮನೆಯವರು ಬೇರೆ ಕಡೆ ನೋಡೋದಾದರೆ ನೋಡಲಿ, ನನ್ನದೇನೂ ತಕರಾರಿಲ್ಲ. ಅವಳ ಮೇಲೆ ತಪ್ಪು ಹೊರಿಸಬೇಡ. ಅವಳು ಚಿನ್ನ.

ಕೋಟು ಕತ್ತರಿಸಬೇಡ.

ಕಡ್ಡಿ


ಮಾರ್ಚ್ 15

ಏನಂದುಕೊಂಡಿದ್ದೀಯೋ ನೀನು?

ಮದುವೆ ಅಂದರೆ ಪರದೆ ಬಟ್ಟೆನಾ, ಇವತ್ತು ಬೇಡ ನಾಳೆ ನೋಡೋಣ ಅನ್ನೋಕೆ? ನಿನ್ನ ಕಾಗದ ಓದಿದ ಗುಂಗಿನಲ್ಲಿ ಒಂದು ಒಳ್ಳೇ ಬಟ್ಟೆಯನ್ನ ಅಡ್ಡ ಕತ್ತರಿಸಿಬಿಟ್ಟೆ. ಮಾಲೀಕರು ಬಯ್ಯೋ ಬದಲು ಇನ್ನೊಂದು ತುಂಡು ಬಟ್ಟೆ ತಂದಿಟ್ಟರು, ಅದು ಇನ್ನೂ ಕಷ್ಟ. ಅವಳು ಚಿನ್ನ ಅಂತೀಯ, ಬೇಡ ಅಂತೀಯ. ಯಾರಿಗಾದರೂ ಅರ್ಥ ಆಗೋ ಮಾತಾ ಇದು?

ನನಗೆ ತೋಚೋದು ಎರಡೇ. ಒಂದು, ನೀನು ಮತ್ತೆ ಸಿಗರೇಟು ಹಚ್ಚಿದ್ದೀಯ, ಮುಖ ತೋರಿಸೋಕೆ ಧೈರ್ಯ ಇಲ್ಲ. ಇನ್ನೊಂದು, ಅಲ್ಲೇ ಬಂದರಿನಲ್ಲಿ ಇನ್ಯಾರೋ ಸಿಕ್ಕಿದ್ದಾಳೆ. ಯಾವುದಾದರೂ ಸರಿ, ಹಾರಿಕೆ ಮಾತು ಬೇಡ, ಬಾಯಿ ಬಿಟ್ಟು ಬರಿ. ಅಲ್ಲೀವರೆಗೂ ಹುಡುಗಿಗೂ ಹೇಳಲ್ಲ, ಅಮ್ಮನಿಗೂ ಹೇಳಲ್ಲ. ಮೊನ್ನೆ ಅವಳು ಅಮ್ಮನ ಕಣ್ಣು ಪರೀಕ್ಷೆ ಮಾಡಿ ಹೊಸ ಕನ್ನಡಕ ಕೊಟ್ಟಳು. ಅಮ್ಮ ಗೋಡೆ ಮೇಲಿನ ಇರುವೆ ಕಾಣಿಸ್ತಿದೆ ಅಂತ ಮಗುವಿನ ಹಾಗೆ ಖುಷಿಪಟ್ಟಳು. ಇಂಥವಳನ್ನ ಕಳ್ಕೊಳ್ತೀಯಾ?

ಅಕ್ಕ


ಮಾರ್ಚ್ 24

ಅಕ್ಕ,

ಸಿಗರೇಟೂ ಇಲ್ಲ, ಇನ್ಯಾರೂ ಇಲ್ಲ. ಇದನ್ನ ಹೇಗೆ ಬರೀಬೇಕು ಅಂತ ಗೊತ್ತಾಗದೆ ಮೂರು ಹಾಳೆ ನೀರಿಗೆ ಹಾಕಿದೆ.

ಸಿಗರೇಟು ಬಿಟ್ಟ ಎರಡನೇ ವಾರದಿಂದ ಶುರುವಾಯಿತು. ಮಲಗಿ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿದ ಹಾಗಾಗುತ್ತೆ, ಆಮೇಲೆ ಕೈಕಾಲು ತಾವಾಗೇ ಎದ್ದು ಬಡಿಯೋಕೆ ಶುರು ಮಾಡ್ತವೆ. ಅರ್ಧ ನಿಮಿಷ ಇರಬಹುದು. ಕೆಲವು ರಾತ್ರಿ ಮೂರು ನಾಲ್ಕು ಸಲ. ಕನಸು ಗಿನಸು ಏನಿಲ್ಲ. ಎಷ್ಟೋ ಸಲ ನನಗೆ ಎಲ್ಲಾ ಗೊತ್ತಾಗ್ತಾನೇ ಇರುತ್ತೆ ಅಕ್ಕ. ನೋಡ್ತಾ ಇರ್ತೀನಿ, ಕೈ ಮಾತ್ರ ನನ್ನ ಮಾತು ಕೇಳಲ್ಲ. ಮೊಣಕೈ ಊದಿದ್ದು ಪಂಪಿಗೆ ತಗುಲಿ ಅಲ್ಲ, ಕ್ಯಾಬಿನ್ನಿನ ಕಬ್ಬಿಣದ ಗೋಡೆಗೆ.

ಈ ತಿಂಗಳ ಮೊದಲ ವಾರ ಕುಂಭಕರ್ಣನ ಮುಂದಿನ ಹಲ್ಲು ಹೋಯಿತು. ನಾನೇ ಹೊಡೆದದ್ದು. ಪಾಪ ಅವನು ರಕ್ತ ಉಗುಳಿ, ಹಲ್ಲು ಅಂಗೈಯಲ್ಲಿ ಇಟ್ಟುಕೊಂಡು, ಅದು ಹೇಗೂ ಅಲ್ಲಾಡ್ತಿತ್ತು ಬಿಡು ಅಂದ. ಸುಳ್ಳು, ಅಲ್ಲಾಡ್ತಿರಲಿಲ್ಲ. ನನಗೆ ಆ ಕ್ಷಣದಿಂದ ಒಂದೇ ಯೋಚನೆ. ಆ ಜಾಗದಲ್ಲಿ ಅವಳ ಮುಖ ಇದ್ದಿದ್ದರೆ? ಅವಳ ಕಣ್ಣಿಗೆ ಬಿದ್ದಿದ್ದರೆ? ನನಗೆ ಅವಳು ಬೇಕು ಅಕ್ಕ. ಅದಕ್ಕೇ ಬೇಡ ಅಂದದ್ದು.

ನನಗೆ ತಲೆ ಕೆಡ್ತಿದೆಯಾ ಅಂತ ಭಯ. ಒಂದು ಮಾತು ಕೇಳ್ತೀನಿ, ನಿಜ ಹೇಳು. ಅಪ್ಪ ಯಾಕೆ ಹಿಂದಿನ ಕೋಣೆಯಲ್ಲಿ ಒಬ್ಬರೇ ಮಲಗ್ತಿದ್ದರು?

ಕಡ್ಡಿ


ಮಾರ್ಚ್ 30

ಕಡ್ಡಿ,

ಅಪ್ಪ ವಿಪರೀತ ಗೊರಕೆ ಹೊಡೀತಿದ್ದರು, ಅಷ್ಟೇ. ನಿನ್ನದು ಸಿಗರೇಟು ಬಿಟ್ಟ ಚಡಪಡಿಕೆ. ಸ್ವಲ್ಪ ದಿನ ಹೀಗೇ ಇರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ಗಟ್ಟಿ ಮನಸ್ಸು ಮಾಡು. ತಲೆ ಕೆಡೋದು ಏನಿಲ್ಲ, ಕೆಡೋಕೆ ಅಲ್ಲಿ ಏನಿದೆ ಅಂತ.

ಅಕ್ಕ


ಏಪ್ರಿಲ್ 1

ಕಡ್ಡಿ,

ಮೊನ್ನೆಯ ಕಾಗದ ಅಂಚೆಗೆ ಹಾಕಿ ಬಂದಾಗಿನಿಂದ ಅನ್ನ ಇಳೀತಿಲ್ಲ. ನೀನು ನಿಜ ಕೇಳಿದೆ, ನಾನು ಗೊರಕೆ ಅಂದೆ. ಅದನ್ನ ಹರಿದು ಹಾಕಿ ಇದನ್ನ ಓದು.

ಅಪ್ಪ ಶಾಲೆ ಬಸ್ ಓಡಿಸ್ತಿದ್ದರಲ್ಲ, ಮಕ್ಕಳೆಲ್ಲ ಅವರ ಹೆಗಲ ಮೇಲೆ ಹತ್ತಿ ಕೂರ್ತಿದ್ದರು. ಹಗಲು ಒಂದು ನೊಣಕ್ಕೂ ಹೊಡೆಯದ ಮನುಷ್ಯ. ನನಗೆ ಹತ್ತು ವರ್ಷ ಇದ್ದಾಗ, ನೀನಿನ್ನೂ ತೊಟ್ಟಿಲಲ್ಲಿದ್ದೆ, ಅವರು ಸಿಗರೇಟು ಬಿಟ್ಟರು. ಅದಾದ ಮೇಲೆ ರಾತ್ರಿ ಬೇರೆ ಮನುಷ್ಯನೇ ಆಗಿಹೋದರು. ಮಂಚ ಬಡಿಯೋದು, ಒದೆಯೋದು. ಒಂದು ರಾತ್ರಿ ಅಮ್ಮನ ಮಣಿಕಟ್ಟು ಮುರೀತು. ಅಕ್ಕಪಕ್ಕದವರಿಗೆ ಬಚ್ಚಲಲ್ಲಿ ಜಾರಿದೆ ಅಂದಳು. ಆವತ್ತಿನಿಂದ ಅಪ್ಪ ಹಿಂದಿನ ಕೋಣೆಗೆ ಹೋದರು. ಮಲಗೋ ಮುಂಚೆ ನನ್ನ ಕರೆದು, ಹೊರಗಿನಿಂದ ಚಿಲಕ ಹಾಕು ಮಗಳೇ ಅಂತಿದ್ದರು. ದಿನಾ ಹಾಕ್ತಿದ್ದೆ. ಹಾಕಿ ಅಲ್ಲೇ ಬಾಗಿಲಿಗೆ ಕಿವಿ ಕೊಟ್ಟು ನಿಂತಿರ್ತಿದ್ದೆ.

ಎರಡು ವರ್ಷ ಆದಮೇಲೆ ಅವರು ಮತ್ತೆ ಸಿಗರೇಟು ಹಚ್ಚಿದರು. ಗಲಾಟೆ ಕಡಿಮೆ ಆಯಿತು. ಕೋಣೆ ಮಾತ್ರ ಬದಲಾಯಿಸಲಿಲ್ಲ, ಅಮ್ಮನ ಪಕ್ಕ ಮಲಗೋ ಧೈರ್ಯ ಅವರಿಗೆ ಮತ್ತೆ ಬರಲೇ ಇಲ್ಲ. ನಾವೆಲ್ಲ ಏನಂದುಕೊಂಡೆವು ಗೊತ್ತಾ? ಚಟ ಸಿಗದ ಸಿಟ್ಟನ್ನ ಹೆಂಡತಿ ಮೇಲೆ ತೀರಿಸ್ಕೊಂಡರು ಅಂತ. ಅದಕ್ಕೇ ನಿನ್ನ ಸಿಗರೇಟು ಬಿಡಿಸೋಕೆ ನಾನು ಬೆನ್ನು ಬಿದ್ದದ್ದು. ಆ ಚಟ ನಿನ್ನನ್ನೂ ಹಾಗೆ ಮಾಡೋ ಮುಂಚೆ ಬಿಡಲಿ ಅಂತ. ನಿನ್ನ ಕಾಗದ ಓದಿದಾಗ ಅಪ್ಪನ ಸಿಟ್ಟು ನಿನಗೂ ಬಂತು ಅಂತಲೇ ಅನ್ನಿಸಿತು. ಅದನ್ನ ನಿನಗೆ ಹೇಳೋಕೆ ಆಗದೆ ಗೊರಕೆ ಅಂತ ಬರೆದೆ.

ಆದರೆ ನಿನ್ನೆ ಬಿಳಿ ಕೋಟಿನ ಗುಂಡಿ ಹೊಲೀತಾ ಕೂತಾಗ ಒಂದು ಯೋಚನೆ ಹೊಳೀತು. ಬಾಗಿಲ ಹೊರಗೆ ನಿಂತು ನಾನು ಕೇಳ್ತಿದ್ದ ಸದ್ದು ಪ್ರತಿ ಸಲವೂ ಒಂದೇ. ಮೊದಲು ಭಾರ ಎತ್ತೋರ ಹಾಗೆ ಒಂದು ಉದ್ದ 'ಹೂಂ'. ಆಮೇಲೆ ಗೋಡೆಗೆ ಕೈ ಬಡಿದ ಸದ್ದು. ಆಮೇಲೆ ಎರಡು ಕಾಲೂ ಸೈಕಲ್ ತುಳಿದ ಹಾಗೆ ಹಲಗೆ ಮೇಲೆ. ಆಮೇಲೆ ನಿಶ್ಶಬ್ದ, ಸ್ವಲ್ಪ ಹೊತ್ತಿಗೆ ನೀರು ಗುಟುಕರಿಸೋದು. ಒಂದು ದಿನವೂ ಹಿಂದುಮುಂದಾಗಲಿಲ್ಲ. ಸಿಟ್ಟಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು? ನನ್ನ ಸಿಟ್ಟೇ ನೋಡು, ಒಂದು ದಿನ ಕತ್ತರಿ ಎಸೀತೀನಿ, ಒಂದು ದಿನ ಅಳ್ತೀನಿ, ಒಂದು ದಿನ ಭಾವನಿಗೆ ಉಪ್ಪಿಲ್ಲದ ಸಾರು ಬಡಿಸ್ತೀನಿ.

ನೀನು ಒಂದು ಕೆಲಸ ಮಾಡು. ಹಲ್ಲು ಹೋದ ಮೇಲಾದರೂ ಆ ಕುಂಭಕರ್ಣ ಎಚ್ಚರ ಇರ್ತಾನೆ ಅಲ್ವಾ? ನಿನಗೆ ಯಾವುದು ಮೊದಲು ಬರುತ್ತೆ, ಯಾವುದು ಆಮೇಲೆ, ಅವನನ್ನ ಕೇಳು. ಈ ಕಾಗದ ಅವನಿಗೆ ತೋರಿಸಬೇಡ. ಅವನು ಹೇಳಿದ್ದನ್ನ ಹಾಗೇ ಬರಿ.

ಅಕ್ಕ


ಏಪ್ರಿಲ್ 11

ಅಕ್ಕ,

ನಿನ್ನ ಎರಡು ಕಾಗದವೂ ಒಂದೇ ದೋಣಿಯಲ್ಲಿ ಬಂದವು. ಗೊರಕೆಯದ್ದನ್ನ ಮೊದಲು ಓದಿದೆ. ಬಯ್ದುಕೊಂಡೆ. ಎರಡನೆಯದನ್ನ ಓದಿ ಸುಮಾರು ಹೊತ್ತು ಎಂಜಿನ್ ಕೋಣೆಯಲ್ಲೇ ಕೂತಿದ್ದೆ.

ಕುಂಭಕರ್ಣನನ್ನ ಕೇಳಿದೆ. ಕಾಗದದ ವಿಷಯ ಎತ್ತಲಿಲ್ಲ. ಅವನು ಮಂಚದ ಮೇಲೆ ಮಲಗಿ ಮಾಡಿಯೇ ತೋರಿಸಿದ, ದೊಡ್ಡ ನಟ. ಮೊದಲು ಒಂದು 'ಹೂಂ'. ಆಮೇಲೆ ಎಡಗೈ ಎದ್ದು ಗೋಡೆಗೆ. ಆಮೇಲೆ ಕಾಲು, ಸೈಕಲ್ ಅಂತ ಅವನೇ ಅಂದ, ನಾನು ಹೇಳಿಕೊಡಲಿಲ್ಲ. ಕಣ್ಣು ಬಿಟ್ಟುಕೊಂಡೇ ಇರ್ತೀಯ, ಮಾತಾಡಿಸಿದರೆ ಉತ್ತರ ಇಲ್ಲ, ಮುಗಿದ ಮೇಲೆ ಎದ್ದು ನೀರು ಕುಡೀತೀಯ ಅಂದ. ಅವನಿಗೇನು ಗೊತ್ತು ಅಪ್ಪನ ವಿಷಯ?

ಮೈ ಜುಮ್ಮೆಂದಿತು ಅಕ್ಕ. ಆದರೆ ಅದೇನೋ, ಎಷ್ಟೋ ವಾರದ ಮೇಲೆ ಮೊದಲ ಸಲ ಹಸಿವಾಯಿತು. ಕ್ಯಾಪ್ಟನ್ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ನನ್ನ ರಾತ್ರಿ ಪಾಳಿ ತಪ್ಪಿಸಿ, ರಜೆ ಬರೆದುಕೊಟ್ಟು, ಬಂದರಿನ ದೊಡ್ಡ ಆಸ್ಪತ್ರೆಯಲ್ಲಿ ನರದ ಡಾಕ್ಟರನ್ನ ನೋಡು ಅಂದರು. ಸೋಮವಾರ ಹೋಗ್ತೀನಿ. ಹುಡುಗಿಗೆ ಏನೂ ಹೇಳಬೇಡ. ಇದು ಏನು ಅಂತ ಮೊದಲು ನನಗೆ ಗೊತ್ತಾಗಲಿ.

ಕಡ್ಡಿ


ಏಪ್ರಿಲ್ 29

ಅಕ್ಕ,

ಕೂತ್ಕೊಂಡು ಓದು. ಹೆದರೋ ಸುದ್ದಿ ಅಲ್ಲ.

ಡಾಕ್ಟರಮ್ಮ ನಿನ್ನ ವಯಸ್ಸಿನವರು, ಮಾತಿಗೆ ಮುಂಚೆ ಪೆನ್ಸಿಲ್ ಕಚ್ತಾರೆ. ನನ್ನ ಕಥೆಯನ್ನ ಮಧ್ಯದಲ್ಲಿ ತಡೀದೆ ಕೇಳಿದರು. ನೀನು ಬಾಗಿಲಿಗೆ ಕಿವಿ ಕೊಟ್ಟು ಕೇಳಿದ್ದನ್ನ ಹೇಳಿದಾಗ ಪೆನ್ಸಿಲ್ ಕೆಳಗಿಟ್ಟು, ಇನ್ನೊಂದು ಸಲ ಹೇಳಿ ಅಂತ ಬರ್ಕೊಂಡರು. ಆಮೇಲೆ ನನ್ನನ್ನ ಅಲ್ಲೇ ಮಲಗಿಸಿದರು. ತಲೆ ತುಂಬ ಅಂಟು ಮೆತ್ತಿ ವೈರು, ಎದುರಿಗೆ ಕ್ಯಾಮೆರಾ. ಇಷ್ಟೆಲ್ಲಾ ಕಟ್ಟಿದ ಮೇಲೆ ಯಾರಿಗೆ ನಿದ್ದೆ ಬರುತ್ತೆ ಅಂದುಕೊಂಡೆ. ಬಂತು, ಅದೂ ಬಂತು.

ಬೆಳಗ್ಗೆ ಆ ವಿಡಿಯೋ ತೋರಿಸಿದರು. ನನ್ನನ್ನ ನಾನೇ ನೋಡಿದೆ ಅಕ್ಕ. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಹೆದರಿದವನ ಮುಖ ಅದು. ನನಗೆ ಅಪ್ಪನ ನೆನಪಾಗಿ ಅಲ್ಲೇ ಅತ್ತೆ, ಡಾಕ್ಟರಮ್ಮ ಕಿಟಕಿ ಕಡೆ ತಿರುಗಿ ನಿಂತುಕೊಂಡರು.

ಇದು ಮೂರ್ಛೆರೋಗದಲ್ಲೇ ಒಂದು ಜಾತಿ. ನಿದ್ದೆಯಲ್ಲಿ ಮಾತ್ರ ಬರೋದು, ಹಣೆಯ ಹಿಂದಿನ ಮೆದುಳಿನಲ್ಲಿ ಹುಟ್ಟೋದು. ಎಷ್ಟೋ ಮನೆಗಳಲ್ಲಿ ಇದನ್ನ ಕೆಟ್ಟ ಕನಸು ಅಂತಲೋ, ಹುಚ್ಚು ಅಂತಲೋ, ನಾಟಕ ಅಂತಲೋ ಕರೆದುಬಿಡ್ತಾರಂತೆ. ಹೇಗೆ ಬರುತ್ತೆ ಅಂತ ಕೇಳಿದೆ. ಪಂಪು ಬಿಚ್ಚೋನಿಗೆ ಅರ್ಥ ಆಗೋ ಹಾಗೆ ಹೇಳಿದರು. ಮೆದುಳಿನ ಕಣಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ, ಗ್ರಾಹಕ ಅಂತಾರೆ. ಐದು ತುಂಡು ಸೇರಿ ಒಂದು ಬಾಗಿಲು. ಮೈಯಲ್ಲೇ ತಯಾರಾಗೋ ಅಸಿಟೈಲ್‌ಕೋಲಿನ್ ಅನ್ನೋದು ಬಂದು ಕೂತರೆ ಅದು ತೆರೆಯುತ್ತೆ. ಸಿಗರೇಟಿನ ನಿಕೋಟಿನ್ ಬಂದು ಕೂತರೂ ತೆರೆಯುತ್ತೆ. ಅದಕ್ಕೇ ಅದರ ಹೆಸರೇ ನಿಕೋಟಿನ್ ಗ್ರಾಹಕ. ಗಮನ, ನೆನಪು, ನಿದ್ದೆ, ಎಲ್ಲಾದರಲ್ಲೂ ಅವಕ್ಕೆ ಕೈ ಇದೆ. ಮರೆವಿನ ರೋಗ, ನಡುಕದ ರೋಗ ಅಂತ ಬೇರೆ ಕಾಯಿಲೆಗಳಲ್ಲೂ ಇವುಗಳನ್ನೇ ಹಿಡಿದು ಸಂಶೋಧನೆ ನಡೀತಿದೆಯಂತೆ.

ನಮ್ಮ ಮನೆಯಲ್ಲಿ ಆ ಐದರಲ್ಲಿ ಯಾವುದೋ ಒಂದು ತುಂಡು ಹುಟ್ಟುವಾಗಲೇ ಕೂದಲೆಳೆಯಷ್ಟು ತಪ್ಪಿ ತಯಾರಾಗಿರಬೇಕು ಅಂತ ಅವರ ಅನುಮಾನ. ವಾಲ್ವು ಸ್ವಲ್ಪ ಸಡಿಲ ಅಂದುಕೋ. ಎಚ್ಚರ ಇದ್ದಾಗ ನಡೆದುಹೋಗುತ್ತೆ, ನಿದ್ದೆಯಲ್ಲಿ ಕೈಕೊಡುತ್ತೆ. ದಿನವಿಡೀ ಸಿಗರೇಟು ಸೇದೋನಲ್ಲಿ ನಿಕೋಟಿನ್ ಸದಾ ಬಂದು ಕೂತೂ ಕೂತೂ ಆ ಬಾಗಿಲು ಮಂಕಾಗುತ್ತೆ, ಹಾಗಾಗಿ ಕೆಲವರಿಗೆ ಇದು ಅಡಗಿರುತ್ತೆ. ಅಪ್ಪನಿಗೂ ನನಗೂ ಅದೇ ಆಗಿರಬಹುದು. ನನ್ನ ರಕ್ತ ಪರೀಕ್ಷೆಗೆ ಹೋಗಿದೆ, ಬರೋಕೆ ತಡ ಆಗುತ್ತೆ. ಪರೀಕ್ಷೆಯಲ್ಲಿ ಸಿಗದೆಯೂ ಇರಬಹುದಂತೆ. ಅಪ್ಪನ ರಕ್ತ ಈಗ ಎಲ್ಲಿಂದ ತರೋದು? ಆದರೂ ನಿಮ್ಮಕ್ಕ ಹೇಳಿದ್ದು ಕೇಳಿದರೆ ನನಗೆ ಅನುಮಾನ ಇಲ್ಲ ಅಂದರು.

ಹಾಗಾದರೆ ಮತ್ತೆ ಸೇದಲಾ ಅಂದೆ, ತಮಾಷೆಗೆ ಅರ್ಧ, ನಿಜಕ್ಕೆ ಅರ್ಧ. ನಿಮ್ಮಪ್ಪ ಯಾವುದರಿಂದ ಹೋದರು ಅಂತ ನೀವೇ ಹೇಳಿದಿರಲ್ಲ ಅಂದರು. ಸಿಗರೇಟಿನ ಕೆಲಸಕ್ಕೆ ಈಗ ಒಂದು ಮಾತ್ರೆ ಇದೆ, ಮಲಗೋ ಮುಂಚೆ. ನುಂಗ್ತಿದ್ದೀನಿ. ಈ ವಾರ ಗೋಡೆಗೆ ಕೈ ಬಡಿದದ್ದು ಒಂದೇ ಸಲ. ಕುಂಭಕರ್ಣ ಮತ್ತೆ ಕುಂಭಕರ್ಣ ಆಗಿದ್ದಾನೆ.

ಹುಡುಗಿಗೆ ನೀನೇ ಹೇಳ್ತೀಯಾ ಅಕ್ಕ? ನನಗೆ ಬಾಯಿ ಬರಲ್ಲ.

ಕಡ್ಡಿ


ಮೇ 7

ನನ್ನ ಕಡ್ಡಿ,

ತಮ್ಮನಿಗೆ ಮೂರ್ಛೆರೋಗ ಅಂತ ಓದಿ ಕುಣಿದಾಡಿದ ಅಕ್ಕ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಭಾವ ಗಾಬರಿಯಾಗಿ ಒಳಗಿನಿಂದ ಓಡಿ ಬಂದರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಕಣೋ.

ಅಮ್ಮನಿಗೆ ಹೇಳಿದೆ. ಹೇಳಲೋ ಬೇಡವೋ ಅಂತ ಎರಡು ದಿನ ತೂಗಿದೆ, ಆಮೇಲೆ ಅವಳು ಬಟಾಣಿ ಸುಲೀತಾ ಕೂತಿದ್ದಾಗ ನಿನ್ನ ಕಾಗದವನ್ನೇ ಓದಿ ಹೇಳಿದೆ. ವಾಲ್ವು, ಬಾಗಿಲು, ನಿಕೋಟಿನ್, ಎಲ್ಲಾ. ಅವಳು ಸುಲಿಯೋದು ನಿಲ್ಲಿಸಲಿಲ್ಲ. ಅರ್ಥ ಆಯಿತೋ ಇಲ್ಲವೋ ಅಂತ, ನೋಡಮ್ಮ, ಅಪ್ಪ ಬೇಕೂಂತ ಹೊಡೆದದ್ದಲ್ಲ, ಅವರಿಗೆ ನಿನ್ನ ಮೇಲೆ ಸಿಟ್ಟೇ ಇರಲಿಲ್ಲ ಅಂತ ಬಿಡಿಸಿ ಹೇಳಿದೆ. ಕೈಲಿದ್ದ ಸಿಪ್ಪೆ ಬದಿಗಿಟ್ಟಳು. ಆಮೇಲೆ ಮಾತಾಡಿದಳು.

"ನಾನು ಅವರಿಗೆ ಏನು ತಪ್ಪು ಮಾಡಿದೆ ಅಂತ ಇಷ್ಟು ವರ್ಷವೂ ಹುಡುಕ್ತಾನೇ ಇದ್ದೆ ಕಣೇ. ಇನ್ನು ಹುಡುಕೋ ಕೆಲಸ ಇಲ್ಲ."

ಅಷ್ಟೇ. ಅಳಲಿಲ್ಲ. ನಾನೇ ಅವಳ ತೊಡೆ ಮೇಲೆ ತಲೆ ಇಟ್ಟು ಅತ್ತೆ, ಬಟಾಣಿ ಎಲ್ಲಾ ನೆಲಕ್ಕೆ ಚೆಲ್ಲಿತು, ಬಯ್ಸಿಕೊಂಡೆ. ಮಧ್ಯಾಹ್ನ ಮಲಗಿದವಳು ಸಂಜೆ ದೀಪ ಹಚ್ಚೋವರೆಗೂ ಏಳಲಿಲ್ಲ. ಎದ್ದು, ನಿಮ್ಮಪ್ಪ ನನ್ನ ಮಣಿಕಟ್ಟಿನ ಪಟ್ಟಿ ಬಿಚ್ಚೋವರೆಗೂ ದಿನಾ ತಾವೇ ನನ್ನ ಜಡೆ ಹೆಣೆದರು, ಹೆಣೆಯೋಕೆ ಬರ್ತಿರಲಿಲ್ಲ, ಆದರೂ ಹೆಣೆದರು ಅಂದಳು. ನಾನು ಇದನ್ನ ಮೊದಲ ಸಲ ಕೇಳ್ತಿರೋದು. ಅಪ್ಪನ ಬಗ್ಗೆ ಅವಳು ಹೀಗೆ ಮಾತಾಡಿದ್ದೇ ನನಗೆ ನೆನಪಿಲ್ಲ.

ನನಗೂ ಆ ತುಂಡು ಇರಬಹುದು, ಕೆಲವರಲ್ಲಿ ಸುಮ್ಮನೆ ಕೂತಿರುತ್ತೆ ಅಂತ ಆಸ್ಪತ್ರೆಗೆ ಕೋಟು ಕೊಡೋಕೆ ಹೋದಾಗ ಅಲ್ಲಿಯ ಡಾಕ್ಟರನ್ನ ಕೇಳಿ ತಿಳ್ಕೊಂಡೆ. ಇದ್ದರೆ ಇರಲಿ.

ಇನ್ನು ಹುಡುಗಿ ವಿಷಯ. ನಾನು ಹೇಳಲ್ಲ. ನಿನ್ನ ಅಂಗಿಗೆ ಗುಂಡಿ ಹಾಕಿಕೊಡ್ತೀನಿ, ನಿನ್ನ ಬಾಯಿಗೆ ಮಾತು ಹಾಕಿಕೊಡೋಕೆ ಆಗಲ್ಲ. ಮದುವೆ ದಿನ ಒಂದು ತಿಂಗಳು ಮುಂದಕ್ಕೆ ಹಾಕಿದ್ದೀನಿ, ನಿನಗೆ ರಜೆ ಸಿಕ್ಕಿಲ್ಲ ಅಂತ. ಅವಳು ನನ್ನ ಮುಖ ನೋಡಿದ ರೀತಿಯಲ್ಲೇ ಗೊತ್ತಾಯಿತು, ನಂಬಿಲ್ಲ. ಬಂದು ಎದುರಿಗೆ ನಿಂತು ಹೇಳು. ಅವಳು ಬೇಡ ಅಂದರೆ ಅದು ಅವಳ ಹಕ್ಕು. ನಾನು ಆಗಲೂ ಅವಳ ಹತ್ತಿರವೇ ಕನ್ನಡಕ ಮಾಡಿಸ್ತೀನಿ.

ಅಕ್ಕ


ಮೇ 25

ಅಕ್ಕ,

ನಿನ್ನ ಮನೆಗೆ ಬರದೆ ವಾಪಸ್ ಹಡಗಿಗೆ ಬಂದುಬಿಟ್ಟೆ ಅಂತ ಬಯ್ಬೇಡ. ಒಂದೇ ದಿನದ ರಜೆ, ನೇರ ಅವಳ ಅಂಗಡಿಗೆ ಹೋಗಿದ್ದೆ. ಗಿರಾಕಿ ಇದ್ದರು. ಬೆಂಚಿನ ಮೇಲೆ ಕೂತು ಗೋಡೆಯ ಅಕ್ಷರಗಳನ್ನ ದೊಡ್ಡದರಿಂದ ಸಣ್ಣದಕ್ಕೆ, ಸಣ್ಣದರಿಂದ ದೊಡ್ಡದಕ್ಕೆ ಓದ್ತಾ ಇದ್ದೆ. ಎಲ್ಲರೂ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತಳು. ಒಂದೇ ಉಸಿರಿಗೆ ಹೇಳಿದೆ. ಹಲ್ಲಿನ ವಿಷಯ, ಅಮ್ಮನ ಮಣಿಕಟ್ಟು, ಡಾಕ್ಟರು ಹೇಳಿದ್ದು. ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ, ಬಂದರೂ ಔಷಧಿ ಇದೆ ಅನ್ನೋದನ್ನೂ ಮುಚ್ಚಿಡಲಿಲ್ಲ. ಮಾತ್ರೆ ತಗೊಂಡರೂ ಪೂರ್ತಿ ನಿಲ್ಲದೆ ಇರಬಹುದು ಅಂತಲೂ ಹೇಳಿದೆ. ನೆಲ ನೋಡ್ಕೊಂಡೇ ಹೇಳಿದೆ.

ಅವಳು ತನ್ನ ಕನ್ನಡಕ ತೆಗೆದು ನನ್ನ ಕೈಗಿಟ್ಟಳು. ಹಾಕಿ ನೋಡಿ ಅಂದಳು. ಹಾಕಿದೆ, ತಲೆ ತಿರುಗಿ ಬೆಂಚು ಹಿಡ್ಕೊಂಡೆ. "ಈ ಕಣ್ಣಿನ ದೋಷ ನನ್ನಮ್ಮನಿಂದ ಬಂದದ್ದು. ನಿಮಗೆ ಕಾಣೋ ಹಾಗೆ ಮುಖದ ಮೇಲೇ ಇತ್ತು, ನೀವು ಒಪ್ಪಿದಿರಿ. ನಿಮ್ಮದು ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದಿರಿ?"

ಅವಳಿಗೆ ಸಿಟ್ಟು ಬಂದದ್ದು ಕಾಯಿಲೆಗೆ ಅಲ್ಲ ಅಕ್ಕ, ಎರಡು ಕಾಗದಕ್ಕೆ ಉತ್ತರ ಬರೆಯದ್ದಕ್ಕೆ. ಚೆನ್ನಾಗಿ ಬಯ್ದಳು. ಇಷ್ಟು ಬಯ್ಸಿಕೊಂಡು ಇಷ್ಟು ಖುಷಿಪಟ್ಟವನು ಯಾರೂ ಇರಲಿಕ್ಕಿಲ್ಲ. ಆಮೇಲೆ ಡಾಕ್ಟರಮ್ಮನ ವಿಳಾಸ ಬರೆಸಿಕೊಂಡಳು, ತನಗೂ ಕೇಳೋದು ಇದೆಯಂತೆ. ನನ್ನನ್ನ ನಂಬಿ ಹ್ಞೂಂ ಅನ್ನಲ್ಲ, ಅವರ ಬಾಯಿಂದ ಕೇಳಿ ಹೇಳ್ತೀನಿ ಅಂದಳು. ಸರಿ ಅಂದೆ. ಕಾಯ್ತಿದ್ದೀನಿ.

ಕಡ್ಡಿ


ಜೂನ್ 4

ಕಡ್ಡಿ,

ಅವಳು ಹೋಗಿ ಬಂದಳು. ಡಾಕ್ಟರ ಹತ್ತಿರ ಒಂದು ಗಂಟೆ ತಲೆ ತಿಂದಳಂತೆ. ಬಸ್ಸಿಳಿದು ನೇರ ನಮ್ಮ ಹೊಲಿಗೆ ಅಂಗಡಿಗೆ ಬಂದು, "ಅಕ್ಕ, ಕೋಟು ಕತ್ತರಿಸಿ" ಅಂದಳು.

ಅಳತೆ ಕಳಿಸೋ ಮಹಾರಾಯ!

ಅಕ್ಕ


ಜುಲೈ 19

ಅಕ್ಕ,

ಮದುವೆ ಮುಗಿಸಿ ಬಂದು ಹಿಡಿದ, ಬಂದರಿನ ಹತ್ತಿರದ ಬಾಡಿಗೆ ಮನೆಯಿಂದ ಬರೀತಿದ್ದೀನಿ. ಎರಡು ಕೋಣೆ, ಕಿಟಕಿಯಿಂದ ಕ್ರೇನುಗಳು ಕಾಣಿಸ್ತವೆ. ಇವಳು ಇಲ್ಲೇ ಒಂದು ಕನ್ನಡಕದ ಅಂಗಡಿಗೆ ಸೇರಿದ್ದಾಳೆ. ರಕ್ತ ಪರೀಕ್ಷೆ ಬಂತು, ಡಾಕ್ಟರಮ್ಮನ ಅನುಮಾನ ನಿಜ, ಆ ತುಂಡೇ.

ನಾನು ಮನೆಗೆ ಮಂಚ ತರುವಾಗ ಎರಡು ತಂದಿದ್ದೆ, ಒಂದು ಈ ಗೋಡೆಗೆ, ಒಂದು ಆ ಗೋಡೆಗೆ. ಇವಳು ಬಂದ ದಿನವೇ ನನ್ನ ಕೈಲೇ ತಳ್ಳಿಸಿ ಒಂದು ಮಾಡಿಸಿದಳು. ನಾನು ಮೊದಮೊದಲು ಮಲಗಿದ ಹಾಗೆ ನಟಿಸಿ ಎಚ್ಚರ ಇರ್ತಿದ್ದೆ. ಎಷ್ಟು ದಿನ ಆಗುತ್ತೆ? ಪಂಪಿನ ಕೆಲಸ ಮಾಡಿ ಬಂದ ಮೈ, ಮಲಗಿಬಿಡ್ತಿತ್ತು. ಏನೂ ಆಗ್ತಿರಲಿಲ್ಲ. ಆದರೂ ದಿನಾ ಬೆಳಗ್ಗೆ ಮೊದಲು ಅವಳ ಮುಖ ನೋಡ್ತಿದ್ದೆ, ಎಲ್ಲಾದರೂ ಗಾಯ ಇದೆಯಾ ಅಂತ.

ಮೊನ್ನೆ ಬಂತು. ಮಾತ್ರೆ ನುಂಗಿದ್ದೆ, ಆದರೂ ಬಂತು. ಉಸಿರು ಕಟ್ಟಿತು, ಬಂತು ಅಂತ ಗೊತ್ತಾಯಿತು, ಕೈ ಎದ್ದಿತು. ಹಿಂದಿನಷ್ಟು ಜೋರಿರಲಿಲ್ಲ. ಅವಳು ಎಚ್ಚರ ಇದ್ದಳು. ಡಾಕ್ಟರು ಹೇಳಿಕೊಟ್ಟ ಹಾಗೆ ಸ್ವಲ್ಪ ಸರಿದು, ಹಿಡಿಯೋಕೆ ಹೋಗದೆ, ತಲೆ ಕಡೆ ಒಂದು ದಿಂಬು ಇಟ್ಟು ನೋಡ್ತಾ ಕೂತಿದ್ದಳು. ನನಗೆ ಎಲ್ಲಾ ಕಾಣಿಸ್ತಿತ್ತು ಅಕ್ಕ. ಅವಳು ನನ್ನ ನೋಡ್ತಿದ್ದಾಳೆ ಅನ್ನೋದೂ ಗೊತ್ತಾಗ್ತಿತ್ತು. ಇಷ್ಟು ತಿಂಗಳು ನಾನು ಹೆದರಿದ್ದು ಈ ಒಂದು ಕ್ಷಣಕ್ಕೆ.

ಮುಗೀತು. ನೀರು ಕೊಟ್ಟಳು. ಕುಡಿದೆ. ಅವಳ ಕಡೆ ನೋಡೋಕೆ ಆಗದೆ ಲೋಟ ನೋಡ್ಕೊಂಡು ಕೂತೆ. ಈಗ ಏನು ಹೇಳ್ತಾಳೋ ಅಂತ.

"ಅಷ್ಟೇನಾ?" ಅಂದಳು.

ನೀವು ಆವತ್ತು ಅಂಗಡಿಯಲ್ಲಿ ಹೇಳಿದ್ದು ಕೇಳಿ ಮನೆ ಸೂರೇ ಹಾರಿಹೋಗುತ್ತೆ ಅಂದುಕೊಂಡಿದ್ದೆ ಅಂದಳು. ಲೋಟ ತಗೊಂಡು ಕಿಟಕಿ ಮೇಲಿಟ್ಟು, ಸರಿಯಿರಿ ಆಕಡೆ, ನನಗೆ ಬೆಳಗ್ಗೆ ಅಂಗಡಿ ತೆಗೀಬೇಕು ಅಂದಳು.

ಸರಿದೆ. ಬೆಳಗ್ಗೆ ಅವಳೇ ಎರಡು ಸಲ ಕೂಗಿ ಎಬ್ಬಿಸಬೇಕಾಯಿತಂತೆ. ಎದ್ದವನು ಅವಳ ಮುಖ ನೋಡೋಕೆ ಮರೆತು, ಹಸಿವು ಅಂತ ನೇರ ಅಡುಗೆಮನೆಗೆ ಹೋಗಿದ್ದೆ.

ನಿನ್ನ ಕಡ್ಡಿ